ಮಾಲಕರ ಹೆಸರು

ಕಾರವಾರ, ೧೫ ಮಾರ್ಚ್ ೧೯೩೬, ರವಿವಾರ

ಬೀಡಾಡಿ ದನ ಕೂಡುವ ಪಾಂಜರಪೋಳಕ್ಕೆ ಎಂಟು ಗಂಟೆಗೇ ಹೋದೆ. ಕಾವಲುಗಾರ ಜಟ್ಟು ಇನ್ನೂ ಹಲ್ಲು ತಿಕ್ಕುತ್ತಿದ್ದ. ನನ್ನನ್ನು ಕಂಡದ್ದೇ ಬಾಯಲ್ಲಿದ್ದ ಮಾವಿನೆಲೆ ಉಗುಳಿ, ಕೊಡ ಹಿಡಿದು ಬಾವಿಯ ಕಡೆ ಓಡಿದ. ನಸುಕಿನಿಂದ ನೀರು ಸೇದುತ್ತಲೇ ಇದ್ದವನ ಹಾಗೆ. ಒಳಗೆ ಹದಿನೇಳು ಜೀವ — ಹನ್ನೊಂದು ಆಕಳು, ನಾಲ್ಕು ಹೋರಿ, ಒಂದು ಎಮ್ಮೆ, ಒಂದು ಕುಂಟ ಕುದುರೆ. ಕಲ್ಲಿನ ದೋಣಿಯಲ್ಲಿ ನೀರು ಎರಡು ಬೆರಳು. ನೆರಳೆಂದರೆ ಗೋಡೆಯದು ಮಾತ್ರ. ಅದೂ ಹತ್ತು ಗಂಟೆಯ ತನಕ.

ಭೇಟಿ ಪುಸ್ತಕದಲ್ಲಿ ಬರೆದೆ: 'ನೀರು ಸಾಲದು. ಚಪ್ಪರ ಬೇಕು. ಗಾಯವಾದ ಆಕಳಿಗೆ ಔಷಧವಿಲ್ಲ.' ಹಿಂದಿನ ವಾರವೂ ಇದನ್ನೇ ಬರೆದಿದ್ದೆ. ಅದರ ಕೆಳಗೆ ಅಧ್ಯಕ್ಷ ಪುಂಡಲೀಕರಾಯರ ಕೆಂಪು ಶಾಯಿ — 'ನೋಡಿದೆ.' ಅದಕ್ಕೂ ಹಿಂದಿನ ವಾರದ ಕೆಳಗೂ 'ನೋಡಿದೆ.' ಇಷ್ಟು ನೋಡಿದ ಮನುಷ್ಯನಿಗೆ ಕಣ್ಣು ನೋಯಬೇಡವೆ?

ಪಾಂಜರಪೋಳ ನಡೆಸುವ ಭೂತದಯಾ ಮಂಡಳಿಗೆ ಒಬ್ಬ ಸ್ತ್ರೀ ಮೆಂಬರು ಬೇಕಾಗಿತ್ತು. ತಮ್ಮ ಹೆಂಡಿರನ್ನು ಕಳಿಸಲು ಯಾರೂ ತಯಾರಿಲ್ಲ. ಹೆಣ್ಣುಮಕ್ಕಳ ಶಾಲೆಯ ಅಕ್ಕೋರು, ವಿಧವೆ, ಮನೆಯಲ್ಲಿ ಬೇಡವೆನ್ನುವವರಿಲ್ಲ... ನಾನು ಸಿಕ್ಕಿದೆ. ಮೀಟಿಂಗಿನ ಮೊದಲು ಪ್ರಾರ್ಥನೆ ಹೇಳಿ ಸುಮ್ಮನೆ ಕೂರುತ್ತಾಳೆ ಎಂದು ಅವರ ಎಣಿಕೆ. ಪ್ರಾರ್ಥನೆಯೇನೋ ಹೇಳುತ್ತೇನೆ.

೨೯ ಮಾರ್ಚ್, ರವಿವಾರ

ಹೊಸದೊಂದು ಹೋರಿ ಬಂದಿದೆ. ಕೆಂಪು ಬಣ್ಣ, ಕುಳ್ಳು, ಮೈ ತುಂಬಿಕೊಂಡಿದೆ. ನಿನ್ನೆ ಪೇಟೆಯಲ್ಲಿ ಯಾರದೋ ಬಸಳೆ ಹೊರೆಗೆ ಬಾಯಿ ಹಾಕಿತೆಂದು ಹಿಡಿದು ತಂದರಂತೆ. ಮೂಗು ಚುಚ್ಚಿಲ್ಲ. ಕೊರಳಿಗೆ ಹಗ್ಗದ ಗುರುತೂ ಇಲ್ಲ. ಸಾಕಿದವರ ಅಶಿಸ್ತು ಎಂದು ಪುಸ್ತಕದಲ್ಲಿ ಬರೆದೆ. ಬಹಳ ಸಾಧು ಪ್ರಾಣಿ. ನನ್ನ ಕೊಡೆ ಮೂಸಿತು.

ಸಂತೆಗೆ ಬಂದ ಹೆಂಗಸೊಬ್ಬಳು ಗೋಡೆಯ ಹೊರಗೆ ನಿಂತು ಅದಕ್ಕೆ ಹುಲ್ಲು ಕೊಡುತ್ತಿದ್ದಳು. ಕೊರಳ ತುಂಬ ಕರಿಮಣಿ. ಬುಟ್ಟಿಯ ತರಕಾರಿ ಇನ್ನೂ ಮಾರಿರಲಿಲ್ಲ. ಮಾತಾಡಿಸೋಣ ಎನ್ನುವಷ್ಟರಲ್ಲಿ ಹೊರಟುಹೋದಳು.

೫ ಎಪ್ರಿಲ್, ರವಿವಾರ

ಆ ಹೆಂಗಸು ಇವತ್ತೂ ಇದ್ದಳು. ಹೋರಿ ಗೋಡೆಯ ಮೇಲಿಂದ ಕತ್ತು ಚಾಚಿ ಅವಳ ಮೊಣಕೈ ನೆಕ್ಕುತ್ತಿತ್ತು. ಪರಿಚಯವಿಲ್ಲದ ದನ ಹೀಗೆ ಮಾಡುತ್ತದೆಯೆ?

ಹೆಸರು ಸುಕ್ರಿ. ಹಾಲಕ್ಕಿಯವಳು. ಕೊಟ್ಟ ಮನೆ ಕಿನ್ನರದಲ್ಲಿ, ತವರು ಅಂಕೋಲೆ ಬದಿಯ ಅಗಸೂರು. ನಾನೂ ಅಂಕೋಲೆಯವಳೇ ಎಂದ ಮೇಲೆ ಇಷ್ಟನ್ನು ಹೇಳಿದಳು. ಹೋರಿ ನಿನ್ನದೇನೆ ಎಂದು ಕೇಳಿದೆ.

"ನಮ್ದಲ್ಲ ಅಕ್ಕೋರೆ."

ಹಾಗಾದರೆ ಕಿನ್ನರದಿಂದ ಹುಲ್ಲು ಹೊತ್ತು ತರುವುದು ಏಕೆ ಎಂದೆ. ಹಸಿದದೆ ಅಲ್ರಾ, ಎಂದಳು. ಯಾರದು ಎಂದರೆ ನೆಲ ನೋಡಿದಳು. ಹದಿನೈದು ದಿವಸದೊಳಗೆ ಮಾಲಕರು ಬರದಿದ್ದರೆ ಲಿಲಾವು, ಆಮೇಲೆ ಯಾರ ಕೈಗೆ ಹೋಗುತ್ತದೋ ದೇವರೇ ಬಲ್ಲ ಎಂದು ಹೆದರಿಸಿದೆ. ದಂಡದ ಚಿಂತೆ ಬೇಡ, ನಾನು ನೋಡಿಕೊಳ್ಳುತ್ತೇನೆ, ರಿಜಿಸ್ಟರಿನಲ್ಲಿ ಹೆಬ್ಬೆಟ್ಟು ಒತ್ತು ಸಾಕು ಎಂದು ಸಮಾಧಾನವನ್ನೂ ಹೇಳಿದೆ. ಮುಖ ಬಿಳಚಿಕೊಂಡಿತು. ಬುಟ್ಟಿ ತಲೆಗೇರಿಸಿ ನಡೆದೇಬಿಟ್ಟಳು.

ಸುಳ್ಳು ಹೇಳಲು ಬಾರದವರು ಸುಳ್ಳು ಹೇಳಬಾರದು. ಶಾಲೆಯಲ್ಲಿ ದಿನಾ ಇಂಥ ಮುಖ ನೋಡುತ್ತೇನೆ. ಬಡವರು, ಸರಕಾರಿ ಪುಸ್ತಕವೆಂದರೆ ಭಯ. ಪಾಪ.

೧೧ ಎಪ್ರಿಲ್, ಶನಿವಾರ

ಇವತ್ತು ಒಂದು ಒಳ್ಳೆಯ ಕೆಲಸ ಮಾಡಿದೆ. ಬರೆದಿಡುತ್ತೇನೆ.

ನಾಳೆಗೆ ಕೆಂಪು ಹೋರಿಯ ಹದಿನೈದು ದಿವಸ ಮುಗಿಯುತ್ತಿತ್ತು. ಶಾಲೆ ಬಿಟ್ಟದ್ದೇ ಪಾಂಜರಪೋಳಕ್ಕೆ ಹೋಗಿ, ದಂಡ ಕಟ್ಟಿ, ರಿಜಿಸ್ಟರು ತೆಗೆಸಿ, 'ಮಾಲಕರ ಹೆಸರು' ಎಂಬಲ್ಲಿ ಬರೆದೆ — ಸುಕ್ರಿ, ವಾಸ ಕಿನ್ನರ. ಹೆಬ್ಬೆಟ್ಟಿನ ಜಾಗದಲ್ಲಿ 'ಅವಳ ಪರವಾಗಿ' ಎಂದು ನನ್ನ ಸಹಿ. ಜಟ್ಟುವಿಗೆ ಹಗ್ಗ ಹಾಕಲು ಹೇಳಿದರೆ, ತೋಳು ನೋವು ಎಂದು ಹಿಂದೆ ಸರಿದ. ಬೆಳಿಗ್ಗೆ ಶಾಲೆಗೆ ಹೋಗುವಾಗ ಅದೇ ತೋಳಿನಲ್ಲಿ ಎಮ್ಮೆ ಎಳೆದದ್ದನ್ನು ಕಣ್ಣಾರೆ ಕಂಡವಳು ನಾನು. ಮೈಗಳ್ಳ. ಕಡೆಗೆ ನಾನೇ ಕಟ್ಟಿದೆ. ಅಪ್ಪನ ಮನೆಯಲ್ಲಿ ಕಲಿತ ಗಂಟು ಕೈ ಮರೆತಿಲ್ಲ. ಕಿನ್ನರಕ್ಕೆ ಮರಳುವ ಗಾಡಿಯೊಂದಿತ್ತು, ಅದರ ಹಿಂದೆ ಕಟ್ಟಿ ಕಳಿಸಿದೆ. ಸುಕ್ರಿಯ ಮನೆಗೇ ಮುಟ್ಟಿಸಬೇಕೆಂದು ಗಾಡಿಯವನಿಗೆ ಎರಡೆರಡು ಸಲ ಹೇಳಿದೆ.

ಹೋರಿ ತಿರುತಿರುಗಿ ನೋಡುತ್ತ ಹೋಯಿತು. ಬಾಗಿಲಲ್ಲಿ ಅದನ್ನು ಕಂಡಾಗ ಸುಕ್ರಿಯ ಮುಖ ಹೇಗಾಗಬಹುದೆಂದು ಕಲ್ಪಿಸಿಕೊಂಡೇ ಮನೆಗೆ ಬಂದೆ. ಎರಡು ರೊಟ್ಟಿ ಹೆಚ್ಚು ತಿಂದೆ.

೧೯ ಎಪ್ರಿಲ್, ರವಿವಾರ

ಮೀಟಿಂಗು. ನಾಲ್ಕನೆಯ ಸಲ ಎದ್ದು ನಿಂತು ಅದೇ ಮೂರು ಮಾತು ಹೇಳಿದೆ — ದಿನಕ್ಕೆರಡು ಸಲ ನೀರು, ತೆಂಗಿನ ಗರಿಯ ಚಪ್ಪರ, ವಾರಕ್ಕೊಮ್ಮೆ ದನದ ಡಾಕ್ಟರು. ಕಮಿಟಿಯ ಮಾತೆಲ್ಲ ಮರಾಠಿಯಲ್ಲಿ. ನನಗೆ ಜಗಳ ಕನ್ನಡದಲ್ಲೇ ಬರುತ್ತದೆ. ಬೇಸತ್ತು ಪುಂಡಲೀಕರಾಯರು ಒಪ್ಪಿದರು: ಮೇ ಹದಿನೇಳರ ಮೀಟಿಂಗಿನಲ್ಲಿ ಮಂಜೂರು ಮಾಡೋಣ. ಬರೆದುಕೊಂಡೂ ಬಿಟ್ಟರು. ಗೆದ್ದೆ!

ಇವತ್ತು ಸಂತೆಯಲ್ಲಿ ಸುಕ್ರಿ ಕಾಣಲಿಲ್ಲ. ಒಂದು ಮಾತು ಹೇಳಿ ಹೋಗಬಹುದಿತ್ತು.

ಅಂಕೋಲೆ, ೬ ಮೇ, ಬುಧವಾರ

ರಜೆಗೆ ರಾಮನಾಥಣ್ಣನ ಮನೆಗೆ ಬಂದು ನಾಲ್ಕು ದಿನ. ನಿನ್ನೆ ಅಣ್ಣನ ಮಗಳ ನಿಶ್ಚಯ. ನಾನು ಒಳಗೆ ಕಾಯಿ ತುರಿದೆ. ಆರತಿಯ ಹೊತ್ತಿಗೆ ಅತ್ತಿಗೆ ಬಂದು ಅಡಿಗೆಮನೆಯ ಬಾಗಿಲು ಮುಂದೆ ಮಾಡಿ ಹೋದಳು. ಹೊಗೆ ಹೊರಗೆ ಬರುತ್ತದಂತೆ. ಇರಲಿ. ಬರೆಯಬೇಕಾದದ್ದು ಅದಲ್ಲ.

ಇವತ್ತು ಬೆಳಿಗ್ಗೆ ಬೀರಿ ಬಂದಳು. ಅಗಸೂರಿನ ಮುದುಕಿ. ನಾನು ಪರಕರ ಉಡುತ್ತಿದ್ದ ಕಾಲದಿಂದ ಈ ಮನೆಗೆ ತರಕಾರಿ ತರುವವಳು. ಅಗಸೂರು ಎಂದದ್ದೇ ನನಗೆ ನೆನಪಾಯಿತು. ನಿಮ್ಮೂರಿನ ಹೆಣ್ಣಿಗೆ ಒಂದು ಉಪಕಾರ ಮಾಡಿದ್ದೇನೆ ಬೀರಿ, ಎಂದು ಹೋರಿಯ ಕಥೆ ಹೇಳಿದೆ. ಸ್ವಲ್ಪ ಬಣ್ಣ ಕಟ್ಟಿಯೇ ಹೇಳಿದೆ. ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ. ಪುಸ್ತಕದಲ್ಲಿ ಅವಳ ಹೆಸರು ಬರೆದದ್ದು ಹೌದೆ, ಹಗ್ಗ ಕಟ್ಟಿದ್ದು ಯಾರು ಎಂದು ಕೇಳಿದಳು. ನಾನೇ ಎಂದೆ. ಬುಟ್ಟಿ ಕೆಳಗಿಟ್ಟು ಕೂತಳು.

"ಅವಳ ಹೆಣ್ಣಿಗೆ ಮೈಲಿಬೇನೆ ಬಂದಿತ್ತ. ಮೂರ್ ದಿವ್ಸ ಕಣ್ಣೇ ಬಿಟ್ಟಿಲ್ಲ. ಕರು ದೇವ್ರಿಗೆ ಬಿಡ್ತೆ ಅಂದ್ಲು ಸುಕ್ರಿ. ಹೆಣ್ಣು ಎದ್ದ ಕೂತ್ಲು. ಬಿಟ್ಟದ್ದ ನಮ್ದು ಅನ್ನೂಕಿಲ್ಲ ಅಕ್ಕೋರೆ. ನಾ ಕೊಟ್ಟದ್ದು ಅಂತ್ಲೂ ಅನ್ನೂಕಿಲ್ಲ. ಅಂದ್ರೆ ದೇವ್ರ ಕೈಂದ ತಿರ್ಗ ತಕಂಡಾಂಗೆ. ಆಗ ದೇವ್ರೂ ತಾನ್ ಕೊಟ್ಟದ್ದ ತಿರ್ಗ ಕೇಳ್ತದೆ."

ಸುಕ್ರಿಯ ಆ ಮಗಳ ಹೆಸರು ಬೊಮ್ಮಿ. ಈಗ ಒಂಬತ್ತು ವರ್ಷ.

ನಾನು ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಓದಿದವಳು. ಬೇನೆಗೂ ಹೋರಿಗೂ ಸಂಬಂಧವಿಲ್ಲ. ಹುಡುಗಿ ಬದುಕಿದ್ದು ತನ್ನ ಮೈಯ ಗಟ್ಟಿತನದಿಂದ. ಇದೆಲ್ಲ ಗೊತ್ತು, ಮಕ್ಕಳಿಗೂ ಹೇಳಿಕೊಡುತ್ತೇನೆ. ಆದರೆ ಬೀರಿಯ ಮಾತು ಮುಗಿದ ಮೇಲೆ ನನ್ನ ಬಾಯಿಂದ ಮೊದಲು ಬಂದದ್ದು — ಬೊಮ್ಮಿ ಆರಾಮ ಇದ್ದಾಳಾ? ಬೀರಿಗೆ ಗೊತ್ತಿರಲಿಲ್ಲ. ಇಷ್ಟು ದೂರಕ್ಕೆ ಸುದ್ದಿ ಬರುವುದು ತಡ ಎಂದಳು.

ದೇವಸ್ಥಾನದ ಗೂಳಿ ನೋಡಿಲ್ಲವೆ ನಾನು? ನೋಡಿದ್ದೇನೆ. ಅದರ ಕೋಡಿಗೆ ಹಿತ್ತಾಳೆ, ಕೊರಳಿಗೆ ಗಂಟೆ. ಬಡವರು ದೇವರಿಗೆ ಬಿಟ್ಟದ್ದರ ಮೈಮೇಲೆ ಏನೂ ಇರುವುದಿಲ್ಲ ಎಂದು ಹೊಳೆಯಲೇ ಇಲ್ಲ. ಮೂಗು ಚುಚ್ಚಿಲ್ಲ, ಹಗ್ಗದ ಗುರುತಿಲ್ಲ ಎಂದು ನಾನೇ ಬರೆದೆ. ಬರೆದು, ಅಶಿಸ್ತು ಎಂದೆ. ಜಟ್ಟುವಿನ ತೋಳು ನೋವು ಈಗ ಅರ್ಥವಾಯಿತು. ಮಕ್ಕಳ ನೋಟುಬುಕ್ಕಾದರೆ ಅಡ್ಡ ಗೀಟು ಎಳೆದು ಮತ್ತೊಮ್ಮೆ ಬರೆ ಎನ್ನುತ್ತಿದ್ದೆ.

ಅಂಕೋಲೆ, ೮ ಮೇ

ಊಟ ಸೇರುವುದಿಲ್ಲ. ಅಣ್ಣ ಹದಿನೈದು ದಿನವಾದರೂ ಇರು ಎನ್ನುತ್ತಾನೆ. ಕಾರಣ ಹೇಳಿದರೆ ನಗುತ್ತಾನೆ. ಶಾಲೆಯ ಕೆಲಸ ಎಂದೆ. ನಾಳೆ ಬೆಳಗಿನ ಸರ್ವಿಸ್ ಮೋಟಾರಿಗೆ ಹೊರಡುವುದು.

ಕಾರವಾರ, ೯ ಮೇ, ಶನಿವಾರ

ಹೋರಿ ಮತ್ತೆ ಪಾಂಜರಪೋಳದಲ್ಲಿದೆ.

ಮೇ ಮೂರರಂದು ಕಿನ್ನರದವರೇ ಹೊಡೆದುಕೊಂಡು ಬಂದು ಒಪ್ಪಿಸಿದರಂತೆ. ಸುಕ್ರಿಯ ಮನೆಯವರು ಅದನ್ನು ಅಂಗಳಕ್ಕೆ ಸೇರಿಸಲಿಲ್ಲ. ಊರಿನವರೂ ಮೊದಲಿನ ಹಾಗೆ ಹಿಂಡಿ, ಹುಲ್ಲು ಇಡಲಿಲ್ಲ. ಮೊದಲು ಯಾರ ಗದ್ದೆಗೆ ಬಾಯಿ ಹಾಕಿದರೂ ದೇವರೇ ಬಂದ ಎನ್ನುತ್ತಿದ್ದರು. ಈಗ ಮಾಲಕಿ ಇದ್ದಾಳೆ ಎಂದು ಬಡಿಗೆ ಎತ್ತಿದರು. ನನ್ನ ಹಗ್ಗ ಹಾಗೆಯೇ ಕೊರಳಲ್ಲಿದೆ. ಬಿಚ್ಚಲು ಯಾರಿಗೂ ಧೈರ್ಯವಿಲ್ಲ. ಅದರ ಕೆಳಗೆ ಹುಣ್ಣು, ಹುಣ್ಣಿನಲ್ಲಿ ನೊಣ. ಪಕ್ಕೆಲುಬು ಎಣಿಸಬಹುದು. ಬಾವಿಯಲ್ಲಿ ಕೆಸರು ಬಂದಿದೆ, ಜಟ್ಟು ದೂರದ ಕೆರೆಯಿಂದ ದಿನಕ್ಕೆ ಒಂದೇ ಸಲ ತರುತ್ತಾನೆ. ಕುಂಟ ಕುದುರೆ ಹೋದ ವಾರ ಸತ್ತಿತು. ಹೋರಿಯನ್ನು ಸೇರಿಸಿ ಈಗಲೂ ಹದಿನೇಳು.

ನೀನಾದರೂ ನನಗೆ ಯಾಕೆ ಹೇಳಲಿಲ್ಲ ಎಂದು ಜಟ್ಟುವನ್ನು ಕೇಳಿದೆ.

"ಅಕ್ಕೋರಿಗೆ ಗುತ್ತಿಲ್ಲ ಅಂತ ನಾ ಹ್ಯಾಂಗೆ ನಂಬ್ಲಿ?"

ಹುಣ್ಣಿಗೆ ಬೇವಿನೆಣ್ಣೆ ಹಾಕಿದೆ. ಗಂಟಿಗೆ ಕೈ ಹಾಕಿದಾಗ ಜಟ್ಟು ತಡೆದ. ಸುಕ್ರಿಯನ್ನು ಕೇಳದೆ ಇನ್ನೇನೂ ಮಾಡಬೇಡಿ ಎಂದ. ಸರಿಯಾದ ಮಾತು. ಗಂಟು ಮುಟ್ಟದೆ, ಹಗ್ಗ ಹುಣ್ಣಿಗೆ ತಾಗದ ಹಾಗೆ ಬಟ್ಟೆ ಸುತ್ತಿ ಬಂದೆ. ಲಿಲಾವು ಮೇ ಹದಿನೆಂಟಕ್ಕೆ. ಮೀಟಿಂಗಿನ ಮರುದಿನ.

೧೧ ಮೇ, ಸೋಮವಾರ

ಕಿನ್ನರಕ್ಕೆ ಹೋಗಿ ಬಂದೆ. ಬೊಮ್ಮಿಗೆ ಏನೂ ಆಗಿಲ್ಲ. ಮೊದಲು ಅದನ್ನು ಬರೆಯುತ್ತೇನೆ.

ಆದರೆ ಒಂದು ತಿಂಗಳಿಂದ ಅವಳನ್ನು ಹೊರಗೆ ಬಿಟ್ಟಿಲ್ಲ. ಆಟವಿಲ್ಲ, ಹೊಳೆಯ ಸ್ನಾನವಿಲ್ಲ. ಜಗಲಿಯ ಮೂಲೆಯಲ್ಲಿ ಚಾಪೆ. ಅಜ್ಜಿ ಗಂಗಿ ಗಳಿಗೆಗೊಮ್ಮೆ ಬಂದು ಹಣೆ ಮುಟ್ಟಿ ನೋಡುತ್ತಾಳೆ. ನನ್ನನ್ನು ಯಾರೂ ಬೈಯಲಿಲ್ಲ. ಮಣೆ ಕೊಟ್ಟರು, ಬೆಲ್ಲ ನೀರು ಕೊಟ್ಟರು. ಬೈದಿದ್ದರೆ ಹಗುರಾಗುತ್ತಿತ್ತು. ಸುಕ್ರಿ ಬರುವ ತನಕ ಹುಡುಗಿಯ ಹತ್ತಿರ ಕೂತೆ. ಮೂಗಿನ ಮೇಲೆ ಎರಡು ಮೈಲಿಯ ಕಲೆ, ಚುರುಕು ಕಣ್ಣು. ಹೊರಗೆ ಹುಡುಗಿಯರು ಆಡುವ ಸದ್ದು ಬಂದಾಗ ಕತ್ತು ಉದ್ದ ಮಾಡುತ್ತಾಳೆ. ನನ್ನನ್ನು ನೋಡಿ ಮೆಲ್ಲಗೆ ಕೇಳಿದಳು:

"ನಂಗೆ ಜ್ವರ ಯಾವಾಗ ಬತ್ತದೆ ಅಕ್ಕೋರೆ?"

ಅಳುತ್ತ ಕೇಳಿದ್ದಲ್ಲ. ಶಾಲೆಗೆ ರಜೆ ಯಾವಾಗ ಎಂದು ಕೇಳುವ ಹಾಗೆ ಕೇಳಿದಳು. ಬರುವುದಿಲ್ಲ ಮಗಾ ಎಂದೆ. ನಂಬಲಿಲ್ಲ. ಮನೆಯವರೆಲ್ಲ ಬರುತ್ತದೆ ಎನ್ನುವಾಗ ಎಲ್ಲಿಂದಲೋ ಬಂದ ಅಕ್ಕೋರ ಮಾತು ಯಾಕೆ ನಂಬುತ್ತಾಳೆ? ಇಪ್ಪತ್ತು ವರ್ಷ ಮಕ್ಕಳಿಗೆ ಉತ್ತರ ಹೇಳಿಕೊಂಡೇ ಬಂದವಳು. ನಾಚಿಕೆಯಾಯಿತು.

ಸುಕ್ರಿ ಗದ್ದೆಯಿಂದ ಬಂದಳು. ಸೊರಗಿದ್ದಾಳೆ. ತಪ್ಪಾಯಿತು ಎಂದೆ. ಏನು ಮಾಡಿದರೆ ಸರಿಯಾದೀತು ಎಂದೆ.

"ಪುಸ್ತಕ್ದಲ್ಲಿ ನನ್ನ ಹೆಸ್ರು ಇರೂ ತನಕ ಹೋರಿ ನಂದೇ. ಹೆಸ್ರು ತೆಗೀರಿ. ತೆಗ್ದ ಮೇಲೆ ಇಲ್ಲಿಗೆ ಹೊಡ್ಕಂಡ್ ಬನ್ನಿ. ಮತ್ತೆಂತದೂ ಬೇಡ ನಂಗೆ."

೧೪ ಮೇ, ಗುರುವಾರ

ಸಂಜೆ ಪುಂಡಲೀಕರಾಯರ ಮನೆಗೆ ಹೋದೆ. ಎಲ್ಲವನ್ನೂ ಹೇಳಿದೆ. ಮಾಮಲೇದಾರಿಕೆ ಮಾಡಿ ರಿಟೈರಾದವರು, ಕೇಳುವಾಗ ಮುಖದಲ್ಲಿ ಏನೂ ತೋರಿಸುವುದಿಲ್ಲ. ಕೆಟ್ಟವರಲ್ಲ. ಕಾಗದ ಹಾಳಾಗಬಾರದು, ಅಷ್ಟೇ ಅವರಿಗೆ. ಒಳಗಿಂದ ಚಹಾ ಬಂತು.

ರಿಜಿಸ್ಟರು ಕಲೆಕ್ಟರ ಕಚೇರಿಯ ತಪಾಸಣೆಗೆ ಹೋಗುವಂಥದು. ಹೆಸರು ಹೊಡೆದುಹಾಕಬೇಕಾದರೆ ಅದು ಸುಳ್ಳು ದಾಖಲೆ ಎಂದು ಬರೆದವಳೇ ಸಭೆಯಲ್ಲಿ ಒಪ್ಪಬೇಕು. ಒಪ್ಪಿದವಳು ಮೆಂಬರಾಗಿ ಉಳಿಯುವುದಿಲ್ಲ. ಅವಳು ತಂದ ಸೂಚನೆಗಳೂ ಉಳಿಯುವುದಿಲ್ಲ. ಇಷ್ಟನ್ನು ಬೆರಳು ಮಡಚಿ ಹೇಳಿದರು. ಆಮೇಲೆ ಸ್ವಲ್ಪ ಮೆತ್ತಗೆ:

"ಸುಮ್ಮನಿರಿ ಬಾಯಿಯವರೇ. ಹದಿನೆಂಟಕ್ಕೆ ಹೋರಿ ಹೋಗ್ತದೆ, ಮಾತೂ ಮುಗೀತದೆ. ನಿಮ್ಮ ನೀರು, ಚಪ್ಪರ, ಡಾಕ್ಟರು — ಮೂರೂ ಹದಿನೇಳಕ್ಕೆ ಮಂಜೂರು. ಒಂದು ಹೋರಿಗೋಸ್ಕರ ಹದಿನಾರು ಜೀವ ಒಣಗಿಸ್ತೀರಾ?"

ದಾರಿಯುದ್ದಕ್ಕೂ ಇದನ್ನೇ ಯೋಚಿಸಿದೆ. ಅವರ ಲೆಕ್ಕ ತಪ್ಪಲ್ಲ. ಆ ಹದಿನಾರರ ನಾಲಗೆ ನಾನು ನೋಡಿದ್ದೇನೆ. ಮಳೆ ಬರಲು ಇನ್ನೂ ಮೂರು ವಾರವಾದರೂ ಬೇಕು. ಇದಕ್ಕಾಗಿ ತಾನೆ ತಿಂಗಳುಗಟ್ಟಲೆ ಬಡಿದಾಡಿದ್ದು.

೧೬ ಮೇ

ಪಾಂಜರಪೋಳಕ್ಕೆ ಎರಡು ಸಲ ಹೋದೆ. ನಾನೂ ನಾಲ್ಕು ಕೊಡ ಹೊತ್ತೆ. ಭುಜ ಬಾತಿದೆ. ಗೌರವದಿಂದ ಮೀಟಿಂಗಿನಲ್ಲಿ ಕೂತು ನೀರು ಬೇಕು ಎನ್ನುವುದು ಸುಲಭ...

ಮೊದಲು ಮೂರೂ ಮಂಜೂರಾಗಲಿ, ಆಮೇಲೆ ಎದ್ದು ಒಪ್ಪಿಕೊಂಡರೆ? ನೋಡಿದೆ. ನಾಳೆಯ ಮೀಟಿಂಗಿನ ಪಟ್ಟಿಯಲ್ಲಿ ರಿಜಿಸ್ಟರು ತಪಾಸಣೆ ಒಂದನೆಯ ವಿಷಯ, ನನ್ನ ಸೂಚನೆ ನಾಲ್ಕನೆಯದು. ಒಂದನೆಯದರಲ್ಲಿ ಬಾಯಿ ಮುಚ್ಚಿಕೊಂಡರೆ ರಿಜಿಸ್ಟರಿಗೆ ಸೀಲು ಬೀಳುತ್ತದೆ, ಆಮೇಲೆ ತಿದ್ದುವ ಹಾಗಿಲ್ಲ. ಪುಂಡಲೀಕರಾಯರು ಸುಮ್ಮನೆ ಮಾಮಲೇದಾರರಾದವರಲ್ಲ.

೧೭ ಮೇ, ರವಿವಾರ, ಮಧ್ಯಾಹ್ನ

ಪ್ರಾರ್ಥನೆ ಹೇಳಿದೆ. ಕೂರಲಿಲ್ಲ.

ಇದೊಂದು ಸುಳ್ಳು ದಾಖಲೆ, ಬರೆದವಳು ನಾನು, ಸುಕ್ರಿ ಹೋರಿಯ ಮಾಲಕಿಯಲ್ಲ, ಹೆಬ್ಬೆಟ್ಟು ಒತ್ತಲು ಒಪ್ಪಿರಲೂ ಇಲ್ಲ ಎಂದೆ. ಒಂದೇ ಉಸಿರಿಗೆ. ಅದೂ ಮರಾಠಿಯಲ್ಲಿ. ಒಬ್ಬ ಮೆಂಬರು ನಕ್ಕರು. ಇನ್ನೊಬ್ಬರು, ಅದಕ್ಕೇ ನಾನು ಹೆಂಗಸರು ಬೇಡ ಎಂದದ್ದು ಎಂದರು. ಪುಂಡಲೀಕರಾಯರು ಯಾರನ್ನೂ ನೋಡದೆ ಕನ್ನಡಕ ಒರೆಸಿದರು.

ಹೆಸರು ಹೊಡೆದದ್ದಾ­ಯಿತು. ಆ ಜಾಗದಲ್ಲಿ ಏನು ಬರೆಯುವುದು? ಖಾಲಿ ಬಿಟ್ಟರೆ ಬೇವಾರಸಿ ದನ, ನಾಳೆಯೇ ಲಿಲಾವು. ದೇವರು ಎಂದು ಬರೆದರೆ ಯಾವ ದೇವರು, ವಾಸ ಎಲ್ಲಿ? ಕಾಲು ಗಂಟೆ ಇದೇ ಚರ್ಚೆ. ಕಡೆಗೆ ಪುಂಡಲೀಕರಾಯರೇ ಪುಸ್ತಕ ಎಳೆದುಕೊಂಡು ಬರೆದರು: 'ಹರಕೆಯ ಹೋರಿ. ಇಂಥವನ್ನು ಕಟ್ಟತಕ್ಕದ್ದಲ್ಲ, ಲಿಲಾವು ಮಾಡತಕ್ಕದ್ದಲ್ಲ, ನೀರು ಕೊಟ್ಟು ಬಿಡತಕ್ಕದ್ದು.' ಅವರ ಕೈಯಿಂದ ನಾಲ್ಕು ಮಾತು ಒಟ್ಟಿಗೆ ಬಂದದ್ದು ಇದೇ ಮೊದಲು. ಇನ್ನು ಮುಂದೆ ಬರುವ ಹೋರಿಗಳಿಗೂ ಆಯಿತು.

ನನ್ನ ರಾಜೀನಾಮೆ ಸ್ವೀಕಾರವಾಯಿತು. ನನ್ನ ಮೂರು ಸೂಚನೆ ಮಳೆಗಾಲದ ನಂತರದ ಮೀಟಿಂಗಿಗೆ. ಬಾವಿ ಉಕ್ಕುವಾಗ ನೀರಿನ ವಿಚಾರ ಮಾಡುತ್ತಾರೆ.

ಹೊರಗೆ ಬಂದಾಗ ಅಧ್ಯಕ್ಷರು ಬಾಗಿಲ ತನಕ ಬಂದರು. ಬರೆದದ್ದನ್ನು ಯಾರೂ ಹೀಗೆ ಒಪ್ಪುವುದಿಲ್ಲ ಬಾಯಿಯವರೇ, ಎಂದರು. ಮೆಚ್ಚಿಕೊಂಡರೋ ಬೈದರೋ ತಿಳಿಯಲಿಲ್ಲ. ಮನೆಗೆ ಬಂದು ಅತ್ತೆ. ಹೋರಿಗಾಗಿ ಅಲ್ಲ. ಆ ಹದಿನಾರಕ್ಕೆ.

೨೪ ಮೇ, ರವಿವಾರ, ಸಂಜೆ

ಒಂದು ವಾರ ಏನೂ ಬರೆದಿಲ್ಲ. ಹೋರಿಯ ಹುಣ್ಣು ಮಾಯುವ ತನಕ ನಡೆಸುವುದು ಬೇಡ ಎಂದು ಜಟ್ಟು ಹೇಳಿದ. ದಿನಾ ಹೋಗಿ ನೀರು ಹೊತ್ತೆ. ಮೆಂಬರಲ್ಲದವರು ಒಳಗೆ ಬರಬಾರದಂತೆ. ಗೇಟಿನ ತನಕ ತರುತ್ತಿದ್ದೆ, ಅಲ್ಲಿಂದ ಅವನು.

ಇವತ್ತು ನಸುಕಿಗೆ ಹೊರಟೆವು. ಜಟ್ಟು ಮುಂದೆ, ಹಗ್ಗ ಹಿಡಿದು ನಾನು ಹಿಂದೆ. ಅವನು ಒಮ್ಮೆಯೂ ಹಗ್ಗ ಮುಟ್ಟಲಿಲ್ಲ. ಕಿನ್ನರಕ್ಕೆ ಮುಟ್ಟುವಾಗ ಬಿಸಿಲೇರಿತ್ತು. ಊರಿನವರು ಸೇರಿದ್ದರು. ಹೆಸರು ಹೊಡೆದದ್ದು, ಅಧ್ಯಕ್ಷರು ಬರೆದದ್ದು, ನಾನು ಮೆಂಬರಲ್ಲದ್ದು, ಎಲ್ಲ ಹೇಳಿದೆ. ಅಲ್ಲಿ ಉಳಿದ ದನಗಳ ಗತಿಯೇನು ಎಂದು ಗಂಡಸೊಬ್ಬ ಕೇಳಿದ. ಅವನ ಆಕಳೂ ಹೋದ ವರ್ಷ ಅಲ್ಲಿಂದ ಬರುವಾಗ ಮೂಳೆಯಾಗಿ ಬಂದಿತ್ತಂತೆ. ಅಷ್ಟರಲ್ಲಿ ಜಟ್ಟು, ನಾನು ಕೇಳದೆಯೇ, ಮಾತಾಡಿದ.

"ನೀರಿಲ್ಲ ಅಂತ ನಾ ಹೇಳಿದ್ರೆ ನನ್ನ ತೆಗೀತ್ರು. ಅಕ್ಕೋರು ಹೇಳಿದ್ರು, ಅವ್ರನ್ನ ತೆಗ್ದ್ರು. ದನ ಯಾರ್ದೋ ಅವ್ರೇ ಹೇಳ್ಲಿ ಇನ್ನು. ಊರ್ನೇ ತೆಗೂಕಾಗ್ತದ್ಯಾ?"

ಕಾಗದ ಚೀಲದಲ್ಲೇ ಇತ್ತು. ಅಲ್ಲೇ ಕೂತು ಅರ್ಜಿ ಬರೆದೆ. ಕಲೆಕ್ಟರ ಸಾಹೇಬರಿಗೆ. ನೀರು, ಚಪ್ಪರ, ಡಾಕ್ಟರು. ಈ ಸಲ ಪ್ರತಿ ಸಾಲನ್ನೂ ಓದಿ ಹೇಳಿ, ಹೌದೆಂದ ಮೇಲೆ ಮುಂದಿನ ಸಾಲು. ಇಪ್ಪತ್ತಮೂರು ಹೆಬ್ಬೆಟ್ಟು ಬಿದ್ದವು. ಪಕ್ಕದೂರು ಕಡವಾಡದವರೂ ಒತ್ತುತ್ತಾರಂತೆ. ನಾಳೆ ಅಲ್ಲಿಗೆ.

ಆಮೇಲೆ ಸುಕ್ರಿ ಬಂದಳು. ಊರ ಗಡಿಯಲ್ಲಿ ಒಂದು ಮರ, ಬುಡದಲ್ಲಿ ಕಲ್ಲು. ಅಲ್ಲಿಗೆ ಹೋರಿಯನ್ನು ಒಯ್ದೆವು. ಬೊಮ್ಮಿಯನ್ನು ಅಜ್ಜಿ ಕೈ ಹಿಡಿದು ತಂದಳು, ತಿಂಗಳ ಮೇಲೆ ಮೊದಲ ಸಲ ಹೊರಗೆ. ಹಗ್ಗ ಸುಕ್ರಿಗೆ ಕೊಟ್ಟು ಹಿಂದೆ ಸರಿದೆ. ಇಂಥ ಹೊತ್ತಿನಲ್ಲಿ ಹಿಂದೆ ಸರಿಯುವುದು ನನಗೆ ರೂಢಿ, ಕಾಲೇ ಸರಿಯುತ್ತದೆ. ಅವಳು ತೆಗೆದುಕೊಳ್ಳಲಿಲ್ಲ. ಕುಂಕುಮದ ಬಟ್ಟಲನ್ನು ನನ್ನ ಮುಂದೆ ಹಿಡಿದಳು. ನನ್ನ ಕೈ ಬೇಡ ಸುಕ್ರಿ, ನಾನು ಗಂಡ ಸತ್ತವಳು, ಹುಡುಗಿಯ ಒಳ್ಳೆಯದಕ್ಕೆ ಮಾಡುವ ಕೆಲಸ ಇದು ಎಂದೆ.

"ಕಟ್ಟಿದ ಕೈಯೇ ಬಿಚ್ಚೂದು. ಬಿಚ್ಚಿದ ಕೈಯೇ ಹಚ್ಚೂದು. ಬೇರೆ ಕೈ ನಾ ಎಲ್ಲಿಂದ ತರ್ಲಿ ಅಕ್ಕೋರೆ?"

ಗಂಟು ಬಿಗಿದು ಕಲ್ಲಾಗಿತ್ತು. ಉಗುರು ಮುರಿಯಿತು. ಹೋರಿ ಅಲುಗಾಡದೆ ನಿಂತಿತ್ತು. ಬಿಚ್ಚಿದೆ. ಕುಂಕುಮದಲ್ಲಿ ಬೆರಳು ಅದ್ದಿದೆ. ಹನ್ನೊಂದು ವರ್ಷವಾಯಿತು, ಕುಂಕುಮ ಮುಟ್ಟಿ. ಹೋರಿಯ ಹಣೆಯಲ್ಲಿ ಬೊಟ್ಟು ಸೊಟ್ಟಗಾಯಿತು. ಇದು ಯಾರದೂ ಅಲ್ಲ, ನಿನ್ನದು ಎನ್ನಬೇಕೆಂದು ಸುಕ್ರಿ ಹೇಳಿಕೊಟ್ಟಳು. ಅಂದೆ. ಹುಡುಗಿಯನ್ನು ನಮಗೆ ಬಿಡು ಎಂದು ನಾನೇ ಸೇರಿಸಿದೆ, ಗಟ್ಟಿಯಾಗಿ. ನಂಬಿಕೆ ಇತ್ತೆಂದು ಬರೆದರೆ ಸುಳ್ಳಾಗುತ್ತದೆ. ಆ ಹುಡುಗಿ ಬೇಕಾಗಿತ್ತು ನನಗೆ, ಅಷ್ಟೇ.

ಹೋರಿ ಸ್ವಲ್ಪ ಹೊತ್ತು ನಿಂತು, ಮೈ ಕೊಡವಿ, ಪಕ್ಕದ ಗದ್ದೆಗೇ ಇಳಿಯಿತು. ಯಾರೂ ಬಡಿಗೆ ಎತ್ತಲಿಲ್ಲ. ಗಂಗಿ ಮೊಮ್ಮಗಳ ಕೈ ಬಿಟ್ಟು, ಹೋಗು ಆಡ್ಕೋ ಎಂದಳು. ಬೊಮ್ಮಿ ಅಜ್ಜಿಯ ಮುಖ ನೋಡಿದಳು, ಅಮ್ಮನ ಮುಖ ನೋಡಿದಳು. ಆಮೇಲೆ ಓಡಿದಳು.

ಹಿಂದೆ ಬಂದು ಚಹಾ ಮಾಡಿಕೊಂಡೆ. ಬೆರಳಲ್ಲಿ ಕೆಂಪು ಹಾಗೆಯೇ ಇದೆ. ಈ ಪುಟಕ್ಕೂ ತಾಗಿದೆ. ತೊಳೆಯಲೆಂದು ಸಾಬೂನು ತಕ್ಕೊಂಡು ಬಾವಿಕಟ್ಟೆಗೆ ಹೋದೆ. ಬಿಂದಿಗೆ ಸೇದಿ ಇಟ್ಟೆ. ತೊಳೆಯದೆ ತಿರುಗಿ ಬಂದೆ.

ನಾಳೆ ಸಂಜೆಯ ಮೋಟಾರಿಗೆ ಅಣ್ಣ ಬರುತ್ತಾನಂತೆ, ಕಾಗದ ಬಂದಿದೆ. ಈ ಬೆರಳು ನೋಡಿ ಏನಾದರೂ ಕೇಳಿದರೆ, ಈ ಸಲ ಶಾಲೆಯ ಕೆಲಸ ಎನ್ನುವುದಿಲ್ಲ.